ರಾತ್ರಿ ಎರಡು ಗಂಟೆಗೆ ಎದ್ದು ಕೈ ಕೊಡವುವವರಿಗೆ

ನಾನು ಬೀಡಿ ಕಟ್ಟಲು ಶುರು ಮಾಡಿ 22 ವರ್ಷ ಆಯಿತು. ಮಂಗಳೂರಿನಿಂದ ಸ್ವಲ್ಪ ಒಳಗೆ, ಕಿನ್ನಿಗೋಳಿ ಹತ್ತಿರ ಮನೆ. ಮೂರು ವರ್ಷದ ಹಿಂದೆ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗತೊಡಗಿತು. ಎದ್ದು ಕೂತು ಕೊಡವಿದರೆ ಸರಿಯಾಗುತ್ತಿತ್ತು. ವಾತ ಅಂದರು, ಎಣ್ಣೆ ತಿಕ್ಕಿದೆ. ಮೆಡಿಕಲ್ ಶಾಪಿನಲ್ಲಿ ನರದ ಮಾತ್ರೆ ಅಂತ ಕೊಟ್ಟದ್ದನ್ನು ಆರು ತಿಂಗಳು ನುಂಗಿದೆ. ಅಷ್ಟೂ ದಿನ ಸುಮ್ನೆ ಹೋಯಿತು.

ಮೊದಲು ಯಾವ ಬೆರಳು ಅಂತ ನೋಡಿಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಜೋಮು ಹಿಡಿದು ಕಿರುಬೆರಳು ಮಾತ್ರ ಆರಾಮವಾಗಿದ್ದರೆ ಕಾರ್ಪಲ್ ಟನಲ್ ಅನ್ನುವ ಮಣಿಕಟ್ಟಿನ ನರದ ತೊಂದರೆ ಇರುವ ಸಾಧ್ಯತೆ ಜಾಸ್ತಿ. ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಿನ ಸಂದಿ ಉಂಟು. ಬೆರಳು ಮಡಿಸುವ 9 ನಾರುಗಳೂ ಒಂದು ನರವೂ ಅದರಲ್ಲೇ ನುಸುಳಬೇಕು. ಒಳಗೆ ಊತ ಬಂದರೆ ಒತ್ತಿಸಿಕೊಳ್ಳುವುದು ನರ. ಎರಡೂ ಕೈಗಳ ಹಿಂಬದಿ ಒಂದಕ್ಕೊಂದು ತಾಗಿಸಿ, ಬೆರಳು ಕೆಳಗೆ ಮಾಡಿ ಒಂದು ನಿಮಿಷ ಹಿಡಿದು ನೋಡಿ. ಆ ಬೆರಳುಗಳಿಗೇ ಜೋಮು ಬಂದರೆ ಡಾಕ್ಟರಿಗೆ ತೋರಿಸಿ. ಕುತ್ತಿಗೆಯ ತೊಂದರೆಯಿಂದಲೂ ಕೈ ಜೋಮು ಹಿಡಿಯುತ್ತದೆ, ಅದನ್ನು ಅವರೇ ನೋಡಬೇಕು.

ನನಗೆ ಹೆಚ್ಚು ಉಪಕಾರವಾದದ್ದು ರಾತ್ರಿ ಮಣಿಕಟ್ಟಿಗೆ ಹಾಕುವ ಪಟ್ಟಿ, ಅಂದರೆ ಸ್ಪ್ಲಿಂಟ್. ನಿದ್ದೆಯಲ್ಲಿ ನಾವು ಮಣಿಕಟ್ಟು ಮಡಿಸಿ ಕೆನ್ನೆ ಕೆಳಗೆ ಇಟ್ಟುಕೊಳ್ಳುತ್ತೇವಲ್ವಾ, ನರಕ್ಕೆ ಒತ್ತಡ ಆಗುವುದೇ ಆಗ. ಅಂಗಡಿಯಿಂದ ತಂದ ಸ್ಪ್ಲಿಂಟಿನಲ್ಲಿ ತಗಡಿನ ಪಟ್ಟಿಯೊಂದು ಇತ್ತು, ಕೈಯನ್ನು ಮೇಲಕ್ಕೆ ಬಗ್ಗಿಸಿ ಹಿಡಿಯುವಂಥದ್ದು. ಅದೂ ಸರಿಯಲ್ಲ. ಫಿಸಿಯೋಥೆರಪಿಯವರು ಆ ತಗಡನ್ನು ಹೊರಗೆ ಎಳೆದು, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ, ಮತ್ತೆ ತೂರಿಸಿ ಕೊಟ್ಟರು. ಮಣಿಕಟ್ಟು ಮೇಲೆ ಕೆಳಗೆ ಬಗ್ಗದೆ ನೇರವಾಗಿರಬೇಕು, ಅಷ್ಟೇ. ಬಿಗಿಯಾಗಿ ಕಟ್ಟಬೇಡಿ. ಮೊದಲ ನಾಲ್ಕು ರಾತ್ರಿ ನಿದ್ದೆಯಲ್ಲೇ ಕಿತ್ತು ಎಸೆದಿದ್ದೆ! ಕಡಿಮೆ ಅಂದರೂ ಆರು ವಾರ ಹಾಕಬೇಕು.

ಇನ್ನು ಕೆಲಸ. ಬೀಡಿಯಲ್ಲಿ ಕೈ ಕೆಡಿಸುವುದು ಸುರುಟುವುದಕ್ಕಿಂತ ಎಲೆ ಕತ್ತರಿಸುವುದು, ನನ್ನ ಅನುಭವದಲ್ಲಿ. ಮೊಂಡು ಕತ್ತರಿಯನ್ನು ಒತ್ತಿ ಒತ್ತಿಯೇ ಅರ್ಧ ನೋವು. ಈಗ ಸಾಣೆ ತಪ್ಪಿಸುವುದಿಲ್ಲ, ಹಿಡಿಗೆ ಹಳೆ ಬನಿಯನ್ ಬಟ್ಟೆ ಸುತ್ತಿದ್ದೇನೆ. ಎಲೆ ಚೆನ್ನಾಗಿ ನೆನೆದ ಮೇಲೆಯೇ ಕತ್ತರಿ ಮುಟ್ಟುವುದು. ಒಂದೇ ಸಲ ಕೂತು ಅಷ್ಟೂ ಎಲೆ ಕತ್ತರಿಸುವುದಿಲ್ಲ. ಅರ್ಧ ಗಂಟೆ ಕತ್ತರಿಸಿ, ಸ್ವಲ್ಪ ಕಟ್ಟಿ, ಎದ್ದು ಹೋಗಿ ಕೋಳಿಗೆ ಅಕ್ಕಿ ಹಾಕಿ ಬರುತ್ತೇನೆ. ಮಡಿಲಲ್ಲಿ ಇಟ್ಟುಕೊಳ್ಳುವ ತಡ್ಪೆಯ (ಮೊರದ) ಕೆಳಗೆ ತಲೆದಿಂಬು ಇಟ್ಟರೆ ಕೈ ಬಗ್ಗುವುದು ಕಡಿಮೆ. ತೆಂಗಿನಕಾಯಿ ತುರಿಯುವುದು, ಬೆಡ್‌ಶೀಟ್ ಹಿಂಡುವುದು ಎರಡನ್ನೂ ಮಗನಿಗೆ ದಾಟಿಸಿದೆ. ಅವನ ಗೊಣಗಾಟ ಬೇರೆ ವಿಷಯ.

ಶುಗರ್, ಥೈರಾಯಿಡ್ ಟೆಸ್ಟ್ ಮಾಡಿಸಿ. ಅವೆರಡರಿಂದಲೂ ಇದು ಬರುತ್ತದೆ. ಬಸುರಿಯರಿಗೂ ಬರುತ್ತದೆ, ಹೆಚ್ಚಿನವರಿಗೆ ಹೆರಿಗೆಯ ನಂತರ ಇಳಿಯುತ್ತದೆ. ನರಕ್ಕೆ ಸಣ್ಣ ಕರೆಂಟ್ ಕೊಟ್ಟು ನೋಡುವ ಟೆಸ್ಟ್ ಉಂಟು, ಚುರುಕ್ ಅನ್ನುತ್ತದೆ, ಹೆದರುವಂಥದ್ದೇನಲ್ಲ. ಸ್ಪ್ಲಿಂಟ್ ಸಾಕಾಗದಿದ್ದರೆ ಮಣಿಕಟ್ಟಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ನನಗೆ ಒಂದೇ ಸಾಕಾಯಿತು. ಕೆಲವರಿಗೆ ಕೆಲವು ತಿಂಗಳಲ್ಲಿ ಜೋಮು ಮತ್ತೆ ಬರುತ್ತದೆ.

ಆದರೆ ಕೈಯಿಂದ ಲೋಟ ಜಾರುತ್ತಿದ್ದರೆ, ಜೋಮು ಹಗಲೂ ಬಿಡದಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿದು ಗುಳಿ ಬಿದ್ದಿದ್ದರೆ ಕಾಯಬೇಡಿ. ನಮ್ಮ ಪಕ್ಕದ ಮನೆಯ ಅಕ್ಕ ಐದು ವರ್ಷ ಕಾದರು. ಆಪರೇಷನ್ ಸಣ್ಣದೇ. ಕೈ ಮಾತ್ರ ಮರಗಟ್ಟಿಸಿ, ಅಂಗೈ ಕೊಯ್ದು, ಮಣಿಕಟ್ಟಿನ ಆ ಸಂದಿಯ ಮೇಲಿನ ನಾರಿನ ಪಟ್ಟಿ ಕತ್ತರಿಸಿ ಬಿಡಿಸಿ ಸಂಜೆಗೇ ಮನೆಗೆ ಕಳಿಸಿದರು. ಅಂಗೈ ಊರಿ ಏಳಲು ಎರಡು ತಿಂಗಳು ನೋವಿತ್ತು. ರಾತ್ರಿ ನಿದ್ದೆ ಆ ವಾರವೇ ಬಂತು. ಇಳಿದ ಮಾಂಸ ಮಾತ್ರ ತುಂಬಲಿಲ್ಲ. ರವಿಕೆಯ ಹುಕ್ಕು ಈಗಲೂ ಸೊಸೆಯೇ ಹಾಕಿಕೊಡಬೇಕು.