ಹಳೇ ಕಳ್ಳತನದ ಕಥೆ ದಡ ಸೇರಿದ್ದು ಹೀಗೆ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಊರು, ರಿಟೈರ್ ಆದ ಪೋಸ್ಟ್‌ಮಾಸ್ಟರ್ ಶಾರದಕ್ಕ, 1989ರಲ್ಲಿ ಕಾಣೆಯಾದ ದೇವರ ಬೆಳ್ಳಿ ಕಿರೀಟ. ನಾನು ಬರೆಯುತ್ತಿದ್ದ ಪತ್ತೇದಾರಿ ಕಥೆ ಇಷ್ಟೇ. ರಕ್ತ ಇಲ್ಲ, ಗುಂಡಿನ ಸದ್ದಿಲ್ಲ, ಕಾಫಿ ಮಾತ್ರ ಜಾಸ್ತಿ. ಶಾರದಕ್ಕನಿಗೆ ಕಳ್ಳನೂ ಸಿಕ್ಕಿದ. ಆದರೆ ಓದಿದ ನಮ್ಮ ಲಾಯರ್ ಭಾವ ತಣ್ಣಗೆ ಕೇಳಿದರು, "ಇಷ್ಟು ವರ್ಷದ ಮೇಲೆ ಕೋರ್ಟ್ ಇದನ್ನ ತಗೊಳ್ಳುತ್ತಾ?"

ತೊಡಕು ಇದ್ದದ್ದು ಕದ್ದ ಜಾಗದಲ್ಲಿ. ಕಥೆಯಲ್ಲಿ ಕಿರೀಟ ಹೋಗಿದ್ದು ರಥಬೀದಿಯಲ್ಲಿ, ಜಾತ್ರೆಯ ನೂಕುನುಗ್ಗಲಿನಲ್ಲಿ. ಅದು 2024ರವರೆಗೆ ಜಾರಿಯಲ್ಲಿದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) ಸೆಕ್ಷನ್ 379, ಸಾದಾ ಕಳ್ಳತನ, ಹೆಚ್ಚೆಂದರೆ 3 ವರ್ಷ ಜೈಲು. ಅಂಥ ಕೇಸನ್ನು ಕೋರ್ಟ್ ತಗೊಳ್ಳೋಕೆ ಆಗಿನ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ಕಾನೂನು) ಸೆಕ್ಷನ್ 468ರ ಪ್ರಕಾರ 3 ವರ್ಷದ ಗಡುವು. ಕಳ್ಳ ಯಾರೆಂದು ಗೊತ್ತಿಲ್ಲದಿದ್ದರೆ, ಗೊತ್ತಾದ ದಿನದಿಂದ ಲೆಕ್ಕ ಶುರು. ಆದರೆ ನನ್ನ ಮೊಕ್ತೇಸರರಿಗೆ ಆಗಲೇ ಎಲ್ಲಾ ಗೊತ್ತಿತ್ತು, ಮರ್ಯಾದೆಗೆ ಅಂಜಿ ಸುಮ್ಮನಿದ್ದರು. ಕಥೆಯ ಜೀವಾಳವೇ ಅದು, ಬಿಡೋಕಾಗಲ್ಲ ಅಲ್ವಾ?

ಹಾಗಾಗಿ ಕಳ್ಳತನವನ್ನೇ ದೇವಸ್ಥಾನದ ಉಗ್ರಾಣದೊಳಗೆ ಸಾಗಿಸಿದೆ. ಜನ ವಾಸಿಸುವ ಅಥವಾ ಸ್ವತ್ತು ಇಡುವ ಕಟ್ಟಡದಲ್ಲಿ ಕದ್ದರೆ ಐಪಿಸಿ 380. ಶಿಕ್ಷೆ 7 ವರ್ಷದವರೆಗೆ. 3 ವರ್ಷ ಮೀರಿದ ಶಿಕ್ಷೆ ಇರುವ ಅಪರಾಧಕ್ಕೆ ಆ ಗಡುವೇ ಇಲ್ಲ.

ಇದರಿಂದ ಇನ್ನೊಂದು ಲಾಭವಾಯಿತು. ಉಗ್ರಾಣದ ಬೀಗ ಒಡೆದಿರಲಿಲ್ಲ. ಇಡೀ ಜಾತ್ರೆಯ ಬದಲು ಈಗ ಬೀಗದಕೈ ಮುಟ್ಟಿದವರ ಮೇಲಷ್ಟೇ ಅನುಮಾನ. ಜಾತ್ರೆಯ ಅಧ್ಯಾಯ ಪೂರ್ತಿ ಕಿತ್ತುಹಾಕಿದೆ. ಚೆನ್ನಾಗಿಯೇ ಬಂದಿತ್ತು, ಹೊಟ್ಟೆ ಉರಿಯಿತು.