40 ಹಿಟ್ ಪಾಯಿಂಟಿನ ಮಾಂತ್ರಿಕನಿಗೆ 41ರ ಏಟು

ದಾಳ ಉರುಳಿಸಿ ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಮಾಂತ್ರಿಕರನ್ನು ಬೇಟೆಯಾಡುವ ಹಂತಕನ ಪಾತ್ರ ಕಟ್ಟಲು ಕೂತವರು ಸಾಮಾನ್ಯವಾಗಿ 'ಮೇಜ್ ಸ್ಲೇಯರ್' ಫೀಟ್‌ನಿಂದ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಶುರು ಮಾಡುತ್ತಾರೆ. ನಾನು ಶುರು ಮಾಡುವುದು ಬೇಟೆಯಿಂದ. ಎದುರಾಳಿಗಳ ವಿವರ ಕೊಡುವ ಪುಸ್ತಕ, 2014ರ ಮಾನ್‌ಸ್ಟರ್ ಮ್ಯಾನುಯಲ್‌ನ ಕೊನೆಯಲ್ಲಿ 'ಮೇಜ್' (ಮಾಂತ್ರಿಕ) ಅಂತ ಒಬ್ಬನಿದ್ದಾನೆ. ಎಸಿ (ಏಟು ತಗಲಲು ಮುಟ್ಟಬೇಕಾದ ಅಂಕ) 12, ಮೇಜ್ ಆರ್ಮರ್ ಮಂತ್ರ ಇದ್ದರೆ 15. ಹಿಟ್ ಪಾಯಿಂಟ್, ಅಂದರೆ ಜೀವಬಲ, 40. ಇನಿಶಿಯೇಟಿವ್‌ಗೆ (ಸರದಿಯ ಕ್ರಮ ತೀರ್ಮಾನಿಸುವ ದಾಳ) +2, ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) ಸೇವ್‌ಗೆ, ಅಂದರೆ ಕೇಡಿನಿಂದ ಪಾರಾಗಲು ಹಾಕುವ ದಾಳಕ್ಕೆ, +0, ಪ್ಯಾಸಿವ್ ಪರ್ಸೆಪ್ಷನ್ (ಅಡಗಿದವರನ್ನು ತಾನಾಗಿ ಗಮನಿಸುವ ಅಂಕ) 11. ಅವನ ಕೈಯಲ್ಲಿ ಶೀಲ್ಡ್, ಮಿಸ್ಟಿ ಸ್ಟೆಪ್, ಸಜೆಶನ್, ಕೌಂಟರ್‌ಸ್ಪೆಲ್, ಫೈರ್‌ಬಾಲ್, ಗ್ರೇಟರ್ ಇನ್‌ವಿಸಿಬಿಲಿಟಿ ಮಂತ್ರಗಳೆಲ್ಲ ಇವೆ. ಬಾಯಿ ಬಿಡುವ ಮೊದಲೇ ಇವನನ್ನು ಮುಗಿಸಬೇಕು. ಕೆಳಗಿನ ಲೆಕ್ಕವೆಲ್ಲ 5ನೇ ಆವೃತ್ತಿಯ 2014ರ ನಿಯಮಕ್ಕೆ ಸೇರಿದ್ದು.

7ನೇ ಲೆವೆಲ್‌ನ ರೋಗ್‌ಗೆ (ಕಳ್ಳ-ಹಂತಕ ವರ್ಗದ ಪಾತ್ರ) ಸ್ನೀಕ್ ಅಟ್ಯಾಕ್ (ಅನುಕೂಲ ಸಿಕ್ಕಾಗ ಸೇರುವ ಹೆಚ್ಚುವರಿ ಹಾನಿ) 4ಡಿ6, ಅಂದರೆ ಆರು ಮುಖದ ನಾಲ್ಕು ದಾಳ. ರೋಗ್‌ನ ಉಪವರ್ಗವಾದ ಅಸ್ಯಾಸಿನ್ ಆರಿಸಿಕೊಂಡಿದ್ದರೆ, ಬೇಟೆ 'ಸರ್‌ಪ್ರೈಸ್ಡ್' ಆಗಿರುವಾಗ ತಗಲಿದ ಏಟೆಲ್ಲ ಕ್ರಿಟಿಕಲ್, ಅಂದರೆ ದಾಳಗಳೆಲ್ಲ ಎರಡರಷ್ಟು. ಡೆಕ್ಸ್ (ಚುರುಕುತನ) 18 ಇಟ್ಟು, ಅಂದರೆ +4 ಪಡೆದು, ರೇಪಿಯರ್ ಕತ್ತಿ ಹಿಡಿದರೆ 2ಡಿ8, 8ಡಿ6, ಮೇಲೆ 4. ಸರಾಸರಿ 9, 28, 4 ಸೇರಿ 41. ಮಾಂತ್ರಿಕನ 40ಕ್ಕೆ ಒಂದು ಮಾತ್ರ ಹೆಚ್ಚು. ಶಾರ್ಟ್‌ಸೋರ್ಡ್ ಆದರೆ 39, ಒಂದು ಕಡಿಮೆ.

ಆದರೂ ನಾನು ಎರಡು ಕೈಗೆ ಎರಡು ಶಾರ್ಟ್‌ಸೋರ್ಡ್ ಕೊಡುತ್ತೇನೆ. ಎಡಗೈಯ ಏಟೂ ಕ್ರಿಟಿಕಲ್ಲೇ, ಸರಾಸರಿ 7 ಕೂಡಿ 46 ಆಗುತ್ತದೆ. ಅದಕ್ಕಿಂತ ಮುಖ್ಯ, ಮೊದಲ ಏಟು ತಪ್ಪಿದರೆ ಸ್ನೀಕ್ ಅಟ್ಯಾಕ್ ಎರಡನೆಯದಕ್ಕೆ ಉಳಿದಿರುತ್ತದೆ. ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗುವ ಹೆಚ್ಚುವರಿ ಸಣ್ಣ ಕ್ರಿಯೆ) ಖರ್ಚಾಗುತ್ತದೆ, ನಿಜ. ಆ ಸರದಿಯಲ್ಲಿ ಕನಿಂಗ್ ಆಕ್ಷನ್ನಿಂದ ಅಡಗುವಂತಿಲ್ಲ, ಓಡುವಂತಿಲ್ಲ. ಕೊಲ್ಲುವ ಸರದಿಯಲ್ಲಿ ಅದು ಬೇಕಾಗುವುದೂ ಅಪರೂಪ.

ಲೆಕ್ಕ ಕೆಡುವುದು ಇನಿಶಿಯೇಟಿವ್‌ನಲ್ಲಿ. ಬೇಟೆಯ ಮೊದಲ ಸರದಿ ಮುಗಿದ ಕೂಡಲೇ ಅವನ ಸರ್‌ಪ್ರೈಸ್ ಕಳಚುತ್ತದೆ. ಅವನು ನಿಮಗಿಂತ ಮೇಲಿದ್ದರೆ, ಏನೂ ಮಾಡದೆ ನಿಂತೇ ಆ ಸರದಿ ಕಳೆದುಬಿಡುತ್ತಾನೆ. ಆಮೇಲೆ ನೀವು ಬೆನ್ನ ಹಿಂದಿನಿಂದ ನುಗ್ಗಿದರೂ ಕ್ರಿಟಿಕಲ್ ಇಲ್ಲ, ಏಟು ತಡೆಯುವ ಶೀಲ್ಡ್ ಮಂತ್ರ ಹಾಕಲು ಅವನ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ಪ್ರತಿಕ್ರಿಯೆ) ತಯಾರು. 41ರ ಏಟು 21ಕ್ಕೋ 22ಕ್ಕೋ ಇಳಿಯುತ್ತದೆ. +4 ಇಟ್ಟುಕೊಂಡು ಅವನ +2 ಎದುರು ಗೆಲ್ಲುವ ಸಂಭವ ಸುಮಾರು 57 ಶೇಕಡ. 'ಅಲರ್ಟ್' ಫೀಟ್‌ನ +5 ಸೇರಿದರೆ 77. ಇನ್ನೊಂದು ಲಾಭ: ನೀವೇ ಮುಂದಿದ್ದರೆ ಅವನ ಸರದಿ ಬರಿದಾಗಿ ಹೋಗಿ, ಎರಡನೇ ಸುತ್ತಿನಲ್ಲೂ ನಿಮ್ಮದೇ ಮೊದಲು. ಮೊದಲ ಏಟಿಗೆ ಬದುಕಿ ಉಳಿದವನ ಮೇಲೆ ಅವನು ಮಂತ್ರ ಹೇಳುವ ಮುಂಚೆಯೇ ಮತ್ತೊಮ್ಮೆ ಕೈ ಮಾಡಬಹುದು.

ಹಾಗಾಗಿ ನನ್ನ ಕ್ರಮ ಹೀಗೆ. ವೇರಿಯಂಟ್ ಹ್ಯೂಮನ್ (ಮೊದಲ ಲೆವೆಲ್‌ನಲ್ಲೇ ಒಂದು ಫೀಟ್ ಸಿಗುವ ಮನುಷ್ಯ), ಗುಣಗಳಿಗೆ ಹಂಚುವ 27 ಪಾಯಿಂಟ್‌ನಲ್ಲಿ ಸ್ಟ್ರೆಂತ್ 8, ಡೆಕ್ಸ್ 15, ಕಾನ್ 13, ಇಂಟೆಲಿಜೆನ್ಸ್ 12, ವಿಸ್ಡಮ್ 13, ಕರಿಸ್ಮಾ 12. ಡೆಕ್ಸ್‌ಗೂ ಕಾನ್‌ಗೂ ಒಂದೊಂದು ಸೇರಿಸಿ. ಮೊದಲ ಲೆವೆಲ್‌ನಲ್ಲಿ ಅಲರ್ಟ್, 4ರಲ್ಲಿ ಡೆಕ್ಸ್ 18, 8ರಲ್ಲಿ ಮೇಜ್ ಸ್ಲೇಯರ್, 10ರಲ್ಲಿ ವಿಸ್ಡಮ್‌ಗೆ 'ರೆಸಿಲಿಯೆಂಟ್' (ಒಂದು ಗುಣದ ಸೇವ್ ಬಲಪಡಿಸುವ ಫೀಟ್). ವಿಸ್ಡಮ್ 13ರಲ್ಲೇ ಬಿಟ್ಟದ್ದು ಇದಕ್ಕೇ. ರೆಸಿಲಿಯೆಂಟ್ ಕೊಡುವ ಒಂದು ಅಂಕ ಅದನ್ನು 14 ಮಾಡುತ್ತದೆ. ರೋಗ್‌ನ ದೊಡ್ಡ ದೌರ್ಬಲ್ಯ ಇರುವುದೇ ವಿಸ್ಡಮ್ ಸೇವ್‌ನಲ್ಲಿ. ಡಿಸಿ (ಸೇವ್ ಮುಟ್ಟಬೇಕಾದ ಅಂಕ) 14ರ ಸಜೆಶನ್, ಅಂದರೆ ಮನಸ್ಸು ತಿರುಗಿಸುವ ಮಂತ್ರದ ಎದುರು +1 ಇದ್ದರೆ ಪಾರಾಗುವುದು 40 ಶೇಕಡ, ರೆಸಿಲಿಯೆಂಟ್ ನಂತರ +6 ಆಗಿ 65. ಎಕ್ಸ್‌ಪರ್ಟೀಸ್ (ಒಂದು ಕೌಶಲದ ಪರಿಣತಿ ಇಮ್ಮಡಿ) ತಪ್ಪದೆ ಸ್ಟೆಲ್ತ್‌ಗೆ, ಅಂದರೆ ಅಡಗುವ ಕೌಶಲಕ್ಕೆ. 7ನೇ ಲೆವೆಲ್‌ಗೆ +10 ಬರುತ್ತದೆ, ದಾಳದಲ್ಲಿ 2 ಬಿದ್ದರೂ ಅವನ 11ನ್ನು ದಾಟಿರುತ್ತೀರಿ.

ಮೇಜ್ ಸ್ಲೇಯರ್ ಇಷ್ಟು ತಡ ಯಾಕೆ ಅಂದರೆ, ಅದರ ಹೆಸರು ಅದರ ಕೆಲಸಕ್ಕಿಂತ ದೊಡ್ಡದು. 5 ಅಡಿಯೊಳಗೆ ಯಾರಾದರೂ ಮಂತ್ರ ಹಾಕಿದರೆ ರಿಯಾಕ್ಷನ್‌ನಲ್ಲಿ ಒಂದು ಏಟು ಕೊಡಬಹುದು, ಆದರೆ ಮಂತ್ರ ಮುಗಿದ ಮೇಲೆ. ಫೈರ್‌ಬಾಲ್ ನಿಲ್ಲುವುದಿಲ್ಲ. ಮಿಸ್ಟಿ ಸ್ಟೆಪ್ ಹಾಕಿದವನು ನಿಮ್ಮ ಕತ್ತಿ ಏಳುವಷ್ಟರಲ್ಲಿ 30 ಅಡಿ ಆಚೆ. ಏಟಿನ ಹಾನಿ ಅರ್ಧಕ್ಕಿಳಿಸುವ ಅನ್‌ಕ್ಯಾನಿ ಡಾಡ್ಜ್‌ಗೂ ಅದೇ ರಿಯಾಕ್ಷನ್ ಬೇಕು, ಹಾಗಾಗಿ ಎರಡರಲ್ಲೊಂದು. ಅದರ ನಿಜವಾದ ಬೆಲೆ ಬೇರೆ ಎರಡು ಸಾಲಲ್ಲಿದೆ. ಸ್ನೀಕ್ ಅಟ್ಯಾಕ್ ಒಂದು ಸರದಿಗೆ ಒಮ್ಮೆ. ಅವನ ಸರದಿಯಲ್ಲಿ ಕೊಟ್ಟ ಏಟಿಗೆ ಅದು ಮತ್ತೆ ಸಿಗುತ್ತದೆ, ಪಕ್ಕದಲ್ಲಿ ನಿಮ್ಮವನೊಬ್ಬ ನಿಂತಿದ್ದರೆ ಸಾಕು. ಇನ್ನೊಂದು, ನಿಮ್ಮ ಏಟು ಬಿದ್ದಾಗ ಅವನ ಕಾನ್ಸೆಂಟ್ರೇಷನ್ ಸೇವ್‌ಗೆ (ನಡೆಯುತ್ತಿರುವ ಮಂತ್ರ ಉಳಿಸಿಕೊಳ್ಳುವ ದಾಳ) ಬರುವ ಡಿಸಡ್ವಾಂಟೇಜ್: ಎರಡು ದಾಳ ಹಾಕಿ ಕಡಿಮೆಯದನ್ನು ಲೆಕ್ಕಿಸಬೇಕು. ಡಿಸಿ 10ಕ್ಕೆ ಅವನ 55 ಶೇಕಡ ಅವಕಾಶ 30ಕ್ಕೆ ಕುಸಿಯುತ್ತದೆ. ಈ ಸಾಲಿಗೆ 5 ಅಡಿಯ ಷರತ್ತಿಲ್ಲ, ಬಿಲ್ಲಿನ ಏಟಿಗೂ ಅನ್ವಯ. ಫ್ಲೈ ಹಾಕಿಕೊಂಡು ಮೇಲೇರಿದವನಿಗೆ ಶಾರ್ಟ್‌ಬೋದಿಂದ ಒಂದು ಬಾಣ ಹಾಕಿ, ಬಿದ್ದರೆ 10 ಅಡಿಗೆ 1ಡಿ6 ಬೇರೆ.

ಮಿಸ್ಟಿ ಸ್ಟೆಪ್‌ಗೆ ಮದ್ದು ನಿಮ್ಮ ಬಳಿ ಇಲ್ಲ, ಗುಂಪಿನ ಕ್ಲೆರಿಕ್ ಅಥವಾ ಬಾರ್ಡ್ ಪಾತ್ರದ ಬಳಿ ಇದೆ: ಸೈಲೆನ್ಸ್ ಮಂತ್ರ. 20 ಅಡಿ ತ್ರಿಜ್ಯದಲ್ಲಿ ಸದ್ದೇ ಇಲ್ಲ, ಬಾಯಲ್ಲಿ ಹೇಳಬೇಕಾದ ಮಂತ್ರ ನಡೆಯುವುದಿಲ್ಲ. ಹಿಡಿದುಕೊಂಡರೆ ಸಾಕು ಅಂತ ಗ್ರ್ಯಾಪಲ್ ಮಾಡುವವರಿದ್ದಾರೆ. ಟೆಲಿಪೋರ್ಟ್ ಆಗುವವನನ್ನು ತೋಳು ತಡೆಯದು. ಗ್ರೇಟರ್ ಇನ್‌ವಿಸಿಬಿಲಿಟಿ ಇನ್ನೂ ಕೆಟ್ಟದ್ದು. ಕಾಣದವನ ಮೇಲೆ ಡಿಸಡ್ವಾಂಟೇಜ್, ಅದಿದ್ದರೆ ಸ್ನೀಕ್ ಅಟ್ಯಾಕ್ ಇಲ್ಲ. ಆಗ ಡೈಸ್ ಎಣಿಸದೆ ಗೆಳೆಯರ ಫೈರ್‌ಬಾಲ್‌ಗೆ ದಾರಿ ಬಿಡಿ. 7ನೇ ಲೆವೆಲ್‌ನಿಂದ ನಿಮಗೆ ಇಂಥ ಸ್ಫೋಟಗಳಿಂದ ತಪ್ಪಿಸಿಕೊಳ್ಳುವ ಇವೇಷನ್ ಇದ್ದೇ ಇದೆ.

ಇಷ್ಟೆಲ್ಲ ಮಾಡಿದರೂ ಯೋಜನೆ ಕೆಡಿಸುವವನು ಹೆಚ್ಚಾಗಿ ನಿಮ್ಮದೇ ಗುಂಪಿನಲ್ಲಿ ಸದ್ದು ಮಾಡುವ ಪ್ಲೇಟ್ ಆರ್ಮರ್ ತೊಟ್ಟು ನಿಂತಿರುತ್ತಾನೆ. ಮಾಂತ್ರಿಕ ನಿಮ್ಮಲ್ಲಿ ಒಬ್ಬನನ್ನು ಗುರುತಿಸಿದರೂ ಸರ್‌ಪ್ರೈಸ್ ಹೋಯಿತು. ಡ್ರೂಯಿಡ್ ಅಥವಾ ರೇಂಜರ್ ಹಾಕುವ 'ಪಾಸ್ ವಿದೌಟ್ ಟ್ರೇಸ್' ಎಲ್ಲರಿಗೂ ಸ್ಟೆಲ್ತ್‌ಗೆ +10 ಕೊಡುತ್ತದೆ, ಒಂದು ಗಂಟೆವರೆಗೆ. ಅದಿಲ್ಲದ ಗುಂಪಿನಲ್ಲಿ ನೀವು ಮುಂದೆ, ಉಳಿದವರು ಒಂದು ಓಣಿ ಹಿಂದೆ. ಸರ್‌ಪ್ರೈಸ್ ಕೊಡಲು ಕೈಬಿಗಿ ಮಾಡುವ ಡಿಎಂ (ಆಟ ನಡೆಸುವವರು) ಇದ್ದಾರೆ. ಅವರನ್ನು ಮೊದಲ ಸೆಶನ್‌ಗೂ ಮುಂಚೆ ಕೇಳಿ. ಸರ್‌ಪ್ರೈಸ್ ಬರದ ಆಟದಲ್ಲಿ ಅಸ್ಯಾಸಿನ್ ಅರ್ಧ ಕ್ಯಾರೆಕ್ಟರ್. 2024ರ ಪುಸ್ತಕದಿಂದ ಆಡುವುದಾದರೆ ಈ ಲೆಕ್ಕ ಬದಿಗಿಡಿ: ಅಲ್ಲಿ ಸರ್‌ಪ್ರೈಸ್ ಅಂದರೆ ಇನಿಶಿಯೇಟಿವ್‌ಗೆ ಡಿಸಡ್ವಾಂಟೇಜ್ ಅಷ್ಟೇ, ತಾನಾಗಿ ಬರುವ ಕ್ರಿಟಿಕಲ್ ಇಲ್ಲ, ಮೇಜ್ ಸ್ಲೇಯರ್‌ನ ರಿಯಾಕ್ಷನ್ ಏಟೂ ಇಲ್ಲ.

ವಿಷದ ಬಗ್ಗೆ ಕೇಳುವವರು ಬಹಳ. ಬೇಸಿಕ್ ಪಾಯ್ಸನ್ ಶೀಶೆಗೆ 100 ಚಿನ್ನ, ಸವರಿದ ಮೇಲೆ ಒಂದೇ ನಿಮಿಷಕ್ಕೆ ಒಣಗುತ್ತದೆ, ಡಿಸಿ 10 ತಪ್ಪಿದರೆ 1ಡಿ4. ಅದೇ ದುಡ್ಡಿಗೆ ಹೀಲಿಂಗ್ ಪೋಷನ್ ಎರಡು ಬರುತ್ತವೆ.