ಅಳತೆಗೆ ಹೊರಗಿನವರನ್ನು ಕರೆಸಿದ್ದು

ಯಂತ್ರದಲ್ಲಿ ಒತ್ತಿ ಬಿಡಿಭಾಗ ಮಾಡುವ ಪ್ರೆಸ್ ವಿಭಾಗದಲ್ಲಿ ನಾವು ಹನ್ನೊಂದು ಜನ. ಶಿಫ್ಟ್ ಮುಗಿಸಿ ಮನೆ ಸೇರಿದ ಮೇಲೂ ಕಿವಿಯೊಳಗೆ ಗುಂಯ್‌ಗುಟ್ಟುವುದು ನಿಲ್ಲುತ್ತಿರಲಿಲ್ಲ. ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರ ಕಡೆಯಿಂದ ನಾನಿದ್ದೆ. ಮೂರು ಸಭೆಗಳಲ್ಲಿ ಈ ವಿಷಯ ಎತ್ತಿದೆ, ಮೂರರಲ್ಲೂ ಅದೇ ಕಾಗದ ಮುಂದಿಟ್ಟರು: ಸದ್ದು 84 ಡೆಸಿಬಲ್, ಮಿತಿಯೊಳಗಿದೆ.

ಕಾಗದದಲ್ಲಿದ್ದ ಅಂಕಿ ಸುಳ್ಳಲ್ಲ. ಆದರೆ ಅಳೆದದ್ದು ಓಡಾಡುವ ದಾರಿಯಲ್ಲಿ ನಿಂತು, ಅದೂ ಎರಡು ಪ್ರೆಸ್ ಬಂದ್ ಆಗಿದ್ದಾಗ. ಇದು ಗೊತ್ತಾದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೂ ಜಗಳ ಬಿಟ್ಟು ಒಂದು ನೋಟ್‌ಬುಕ್ ಇಟ್ಟೆವು. ತಾರೀಖು, ಯಾವ ಯಂತ್ರ, ಎಷ್ಟು ಗಂಟೆ ಓಡಿತು, ಯಾರಿಗೆ ಏನಾಯಿತು, ಯಾವ ಸೂಪರ್‌ವೈಸರ್‌ಗೆ ಹೇಳಿದೆವು. ಆರು ವಾರ ಬರೆದೆವು. ಹೊರಗಿನವರು ಬಂದಾಗ ಮೊದಲು ಕೇಳಿದ್ದೇ ಆ ನೋಟ್‌ಬುಕ್ಕನ್ನು.

ನಮ್ಮ ಮುಂದೆ ಎರಡು ದಾರಿ ಇದ್ದವು: ಸರ್ಕಾರಿ ಇನ್‌ಸ್ಪೆಕ್ಟರಿಗೆ ದೂರು, ಇಲ್ಲವೇ ಎರಡೂ ಕಡೆಯವರು ಒಪ್ಪುವ ತಜ್ಞರು. ದೂರು ಕೊಟ್ಟರೆ ಹೆಸರು ಹೊರಬೀಳುತ್ತದೆ ಎಂದು ಹುಡುಗರು ಹೆದರಿದರು. ದೂರು ಕೊಟ್ಟವರು ಯಾರೆಂದು ಇನ್‌ಸ್ಪೆಕ್ಟರ್ ಬಾಯಿ ಬಿಡಬಾರದು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1947ರ 81ನೇ ಒಡಂಬಡಿಕೆಯಲ್ಲೇ ಇದೆ ಎಂದು ಓದಿ ಹೇಳಿದೆ. ಅದೇ ಸಂಘಟನೆಯ 1981ರ 155ನೇ ಒಡಂಬಡಿಕೆ, ಪರಸ್ಪರ ಒಪ್ಪಿಗೆಯಿಂದ ಹೊರಗಿನ ತಾಂತ್ರಿಕ ಸಲಹೆಗಾರರನ್ನು ಕರೆಸಬಹುದು ಎನ್ನುತ್ತದೆ. ಅದನ್ನೇ ಮ್ಯಾನೇಜರ್ ಮುಂದಿಟ್ಟೆ. ಈಗಲೋ ಆಗಲೋ ಪ್ರಾಣಕ್ಕೇ ಕುತ್ತು ಬರುವಂಥ ಅಪಾಯವಾಗಿದ್ದರೆ ಇಷ್ಟು ಕಾಯುತ್ತಿರಲಿಲ್ಲ, ಕೆಲಸ ನಿಲ್ಲಿಸಿ ತಕ್ಷಣ ಇನ್‌ಸ್ಪೆಕ್ಟರಿಗೇ ಹೇಳುತ್ತಿದ್ದೆ.

ತಜ್ಞರು ಬರುವ ಮುಂಚೆಯೇ ಮೂರು ಮಾತು ಬರೆದು ಎರಡೂ ಕಡೆಯವರು ಸಹಿ ಹಾಕಿದೆವು. ಎಲ್ಲ ಪ್ರೆಸ್‌ಗಳೂ ಓಡುತ್ತಿರಬೇಕು, ಅಳತೆ ಆಪರೇಟರ್ ಕಿವಿಯ ಹತ್ತಿರವೇ ಆಗಬೇಕು, ವರದಿ ಇಬ್ಬರಿಗೂ ಒಂದೇ ದಿನ ಸಿಗಬೇಕು. ಈ ಸಹಿ ಇಲ್ಲದಿದ್ದರೆ ಆಮೇಲೆ ವರದಿಯ ಮೇಲೇ ಹೊಸ ಜಗಳ ಹುಟ್ಟುತ್ತಿತ್ತು.

ತಜ್ಞೆ ಬಂದು, ಕಿವಿಗೆ ಬೀಳುವ ಸದ್ದನ್ನು ಶಿಫ್ಟ್ ಉದ್ದಕ್ಕೂ ಅಳೆಯುವ ಬೆಂಕಿಪೊಟ್ಟಣದಷ್ಟು ದೊಡ್ಡ ಡೋಸಿಮೀಟರನ್ನು ನಮ್ಮ ಹಿರಿಯ ಆಪರೇಟರ್ ಹೆಗಲಿಗೆ ಸಿಕ್ಕಿಸಿದರು. ಇಡೀ ಶಿಫ್ಟ್ ಅದು ಅವರ ಜೊತೆಗೇ ಇತ್ತು. ಸರಾಸರಿ 91 ಬಂತು. 84ಕ್ಕೂ 91ಕ್ಕೂ ಏಳೇ ಅಂಕಿ ಎನಿಸಬಹುದು. ಆದರೆ 85ಕ್ಕೆ ಎಂಟು ಗಂಟೆ ಎಂದಿಟ್ಟುಕೊಂಡು ಮೂರು ಡೆಸಿಬಲ್‌ಗೊಮ್ಮೆ ಸಮಯವನ್ನು ಅರ್ಧ ಮಾಡುವ ಲೆಕ್ಕದಲ್ಲಿ, 91ರಲ್ಲಿ ಎರಡೇ ಗಂಟೆ ಇರಬಹುದು. ನಾವು ಎಂಟು ಗಂಟೆ ಇರುತ್ತಿದ್ದೆವು.

ಹೆಚ್ಚಿನ ಸದ್ದು ಪ್ರೆಸ್ಸಿನ ಹೊಡೆತದ್ದಲ್ಲ, ಬಿಡಿಭಾಗವನ್ನು ಊದಿ ಹೊರತಳ್ಳುವ ಗಾಳಿಯ ಪೈಪಿನದು ಎಂದು ಆಕೆಯೇ ತೋರಿಸಿಕೊಟ್ಟರು. ನಮಗಾಗಲಿ ಮ್ಯಾನೇಜರಿಗಾಗಲಿ ಅದು ಹೊಳೆದಿರಲಿಲ್ಲ. ಸದ್ದು ಕಡಿಮೆ ಮಾಡುವ ನಾಜಲ್ ಹಾಕಿದರು, ಗಾಳಿಯ ಒತ್ತಡ ಇಳಿಸಿದರು. ಮತ್ತೆ ಅಳೆದಾಗ 85. ಇಯರ್ ಪ್ಲಗ್ ಇನ್ನೂ ಹಾಕುತ್ತೇವೆ, ಎಲ್ಲರಿಗೂ ಶ್ರವಣ ಪರೀಕ್ಷೆಯೂ ಆಯಿತು.

ಆ ಹಿರಿಯರು ಮಾತ್ರ ಈಗಲೂ "ಏನಪ್ಪಾ, ಇನ್ನೊಂದ್ಸಲ ಹೇಳು" ಅನ್ನುತ್ತಾರೆ. ಹೀಗೆ ಹೋದ ಕಿವಿ ವಾಪಸ್ ಬರುವುದಿಲ್ಲ. ಅವರ ಪರಿಹಾರದ ಅರ್ಜಿಗೆ ನಮ್ಮ ನೋಟ್‌ಬುಕ್ ಮತ್ತು ಆ ವರದಿ ಎರಡನ್ನೂ ಲಗತ್ತಿಸಿದ್ದೇವೆ.